ಎಕ್ಸ್‌ಎಲ್ ಮಾಡೋ ಕಂಪನಿ ಕೈಗೆ ನಾರ್ಟನ್: ಹೆಸರು ಉಳೀತು, ಪಿಂಚಣಿ ದುಡ್ಡು ಎಲ್ಲಿ ಹೋಯ್ತು?

ಸಂತೆಗೆ ತರಕಾರಿ ಮೂಟೆ, ಹಾಲಿನ ಕ್ಯಾನು, ಗ್ಯಾಸ್ ಸಿಲಿಂಡರ್ ಹೊರೋ ಟಿವಿಎಸ್ ಎಕ್ಸ್‌ಎಲ್ ನಮ್ಮ ಕಡೆ ನೋಡದವರಿಲ್ಲ. ಅದನ್ನು ಮಾಡೋ ಕಂಪನಿಯೇ ಈಗ ಬ್ರಿಟನ್ನಿನ ನಾರ್ಟನ್ ಬೈಕಿನ ಮಾಲೀಕ. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಮಧ್ಯೆಯೇ, 1.6 ಕೋಟಿ ಪೌಂಡ್ ಅಂದ್ರೆ ಸುಮಾರು 153 ಕೋಟಿ ರೂಪಾಯಿಗೆ ವ್ಯವಹಾರ ಮುಗಿಯಿತು. 2025ರ ನವೆಂಬರ್‌ನಲ್ಲಿ ಇಟಲಿಯ ಮಿಲಾನ್ ಪ್ರದರ್ಶನದಲ್ಲಿ ಮ್ಯಾಂಕ್ಸ್, ಅಟ್ಲಾಸ್ ಅನ್ನೋ ಹೊಸ ಬೈಕುಗಳನ್ನೂ ತೋರಿಸಿದ್ದಾರೆ.

ಇಂಗ್ಲಿಷರ ಕಂಪನಿಯನ್ನ ನಮ್ಮೋರು ಕೊಂಡ್ರು ಅಂತ ಖುಷಿಪಡೋದು ಸರಿ. ಆದ್ರೆ ಅಷ್ಟು ದೊಡ್ಡ ಹೆಸರು ಮಾರಾಟಕ್ಕೆ ಬಂದಿದ್ದು ಯಾಕೆ ಅನ್ನೋದನ್ನ ಅಂಗಡಿ ನಡೆಸೋರು, ಚೀಟಿ ಕಟ್ಟೋರು ಒಮ್ಮೆ ಓದಬೇಕು.

ನಾರ್ಟನ್ ಶುರುವಾಗಿದ್ದು 1898ರಲ್ಲಿ, ಬರ್ಮಿಂಗ್‌ಹ್ಯಾಮ್‌ನಲ್ಲಿ. 1907ರ ಮೊದಲ ಐಲ್ ಆಫ್ ಮ್ಯಾನ್ ಟಿಟಿ ರೇಸಿನಲ್ಲೇ ಅವಳಿ ಸಿಲಿಂಡರ್ ವಿಭಾಗ ಗೆದ್ದಿತ್ತು. ಚೆ ಗೆವಾರ ದಕ್ಷಿಣ ಅಮೆರಿಕ ಸುತ್ತೋಕೆ ಹೊರಟಿದ್ದೂ ಗೆಳೆಯನ ಹಳೇ ನಾರ್ಟನ್ ಮೇಲೆ. ಅದು ದಾರಿಯಲ್ಲೇ ಕೈಕೊಟ್ಟಿತು, ಆ ಮಾತು ಬೇರೆ.

1967ರಲ್ಲಿ ಬಂದ ಕಮಾಂಡೋ ಓಡ್ತಾ ಇದ್ದಿದ್ದು 1940ರ ದಶಕದ ಎಂಜಿನ್ ವಿನ್ಯಾಸದ ಮೇಲೆ. 1969ರಲ್ಲಿ ಹೋಂಡಾ ಸಿಬಿ 750 ನಾಲ್ಕು ಸಿಲಿಂಡರ್, ಮುಂದೆ ಡಿಸ್ಕ್ ಬ್ರೇಕ್, ಬಟನ್ ಸ್ಟಾರ್ಟ್ ಜೊತೆ ಬಂತು. ಕಮಾಂಡೋಗೆ ಬಟನ್ ಸ್ಟಾರ್ಟ್ ಸಿಕ್ಕಿದ್ದು 1975ರಲ್ಲಿ. ಅಷ್ಟೊತ್ತಿಗೆ ಗಿರಾಕಿ ಜಪಾನ್ ಕಡೆ ಹೋಗಿಯಾಗಿತ್ತು. ಸರ್ಕಾರ ದುಡ್ಡು ಹಾಕಿ ಹಲವು ಕಂಪನಿ ಸೇರಿಸಿ ನೋಡಿತು, ಉಳೀಲಿಲ್ಲ. ಆಮೇಲೆ ಹೆಸರು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸುತ್ತುತ್ತಾ ಹೋಯಿತು.

ನಿಜವಾದ ಏಟು ಬಿದ್ದಿದ್ದು ಪುನರುಜ್ಜೀವನ ಅಂತ ಹೊಗಳಿಸಿಕೊಂಡ ಕಾಲದಲ್ಲಿ. 2008ರಲ್ಲಿ ಸ್ಟುವರ್ಟ್ ಗಾರ್ನರ್ ಅನ್ನೋ ಉದ್ಯಮಿ ನಾರ್ಟನ್ ಕೊಂಡ. ಮಂತ್ರಿಗಳು ಬಂದು ಬೆನ್ನು ತಟ್ಟಿದರು, ಸರ್ಕಾರದ ನೆರವು ಸಿಕ್ಕಿತು. ಇದರ ಮಧ್ಯೆ ಮೂರು ಪಿಂಚಣಿ ಸ್ಕೀಮುಗಳಿದ್ದವು. ಅದರಲ್ಲೊಂದಕ್ಕೆ ಕಮಾಂಡೋ ಅಂತಲೇ ಹೆಸರು. 200ಕ್ಕೂ ಹೆಚ್ಚು ಮಂದಿ ಜೀವಮಾನದ ಉಳಿತಾಯ ಹಾಕಿದ್ದರು. ಟ್ರಸ್ಟಿ ಯಾರು? ಗಾರ್ನರ್. ಆ ದುಡ್ಡು ಹೋಗಿದ್ದೆಲ್ಲಿಗೆ? ಗಾರ್ನರ್‌ನ ಕಂಪನಿಯ ಷೇರಿಗೆ. ಚೀಟಿ ನಡೆಸೋನೇ ಎಲ್ಲರ ದುಡ್ಡನ್ನ ತನ್ನ ಅಂಗಡಿಗೆ ಸುರ್ಕೊಂಡ ಹಾಗೆ. ಮಾಲೀಕನ ವ್ಯವಹಾರಕ್ಕೆ ಪಿಂಚಣಿ ಹಣದಲ್ಲಿ ಶೇ. 5ಕ್ಕಿಂತ ಹೆಚ್ಚು ಹಾಕಬಾರದು ಅಂತ ಅಲ್ಲಿ ಕಾನೂನಿದೆ. ಇಲ್ಲಿ ಹೋಗಿದ್ದು ಒಂದು ಕೋಟಿ ಪೌಂಡಿಗೂ ಹೆಚ್ಚು.

2020ರ ಜನವರಿಯಲ್ಲಿ ನಾರ್ಟನ್ ದಿವಾಳಿಯಾಯಿತು. ಬೈಕಿಗೆ ಅಡ್ವಾನ್ಸ್ ಕೊಟ್ಟೋರು ಬಾಕಿದಾರರ ಸಾಲಿನಲ್ಲಿ ನಿಂತರು. 2022ರ ಮಾರ್ಚ್‌ನಲ್ಲಿ ಡರ್ಬಿ ಕೋರ್ಟ್ ಗಾರ್ನರ್‌ಗೆ ಎಂಟು ತಿಂಗಳ ಶಿಕ್ಷೆ ಕೊಟ್ಟಿತು. ಅದೂ ಅಮಾನತಿನ ಶಿಕ್ಷೆ. ಜೈಲಿಗೆ ಹೋಗಲಿಲ್ಲ.

ಟಿವಿಎಸ್ ಕೊಂಡಿದ್ದು ಹೆಸರು, ವಿನ್ಯಾಸ, ಆಸ್ತಿ. ಹಳೇ ಕಂಪನಿಯ ಸಾಲ, ಪಿಂಚಣಿ ಹೊಣೆ ಅದರ ಜೊತೆ ಬರಲಿಲ್ಲ. ಕಾನೂನು ಪ್ರಕಾರ ಇದರಲ್ಲಿ ತಪ್ಪಿಲ್ಲ. ಆದ್ರೆ ಬ್ರಾಂಡ್ ಬದುಕಿತು ಅಂದಾಗ ಯಾರು ಬದುಕಿದರು ಅಂತ ಕೇಳೋದು ಬೇಕು. ನಮ್ಮ ರಾಜ್ಯದಲ್ಲೂ ನೋಡಿಲ್ವಾ? ಮೈಸೂರಿನ ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಹಾಕಿತು. 2022ರಲ್ಲಿ ಯೆಜ್ಡಿ ಹೆಸರು ವಾಪಸ್ ಬಂತು, ಬೈಕ್ ತಯಾರಾಗೋದು ಮಾತ್ರ ಮಧ್ಯಪ್ರದೇಶದ ಪೀತಂಪುರದಲ್ಲಿ.

ಒಂದು ವಿಷಯಕ್ಕೆ ಟಿವಿಎಸ್‌ನ ಮೆಚ್ಚಬೇಕು. ಹಳೇ ಮಾಲೀಕನ ಕಾಲದ ವಿ4 ಬೈಕನ್ನ ಬಿಚ್ಚಿ ನೋಡಿದಾಗ 35 ದೋಷ ಸಿಕ್ಕವು. ಓಡಿಸಬೇಡಿ ಅಂತ ಗಿರಾಕಿಗಳಿಗೆ ಹೇಳಿದರು. ಹೊಸದಾಗಿ ಕೊಂಡ ಬ್ರಾಂಡಿನ ಮಾನ ತಾನೇ ಹರಾಜು ಹಾಕಿದ ಹಾಗೆ ಅದು, ಆದ್ರೂ ಹೇಳಿದರು. ಬರ್ಮಿಂಗ್‌ಹ್ಯಾಮ್ ಪಕ್ಕದ ಸೋಲಿಹಲ್‌ನಲ್ಲಿ ಹೊಸ ಕಾರ್ಖಾನೆ ಕಟ್ಟಿದರು. ಹೊಸ ಬೈಕು ತೋರಿಸೋಕೆ ಐದು ವರ್ಷ ತಗೊಂಡರು. ಹಳೇ ಹೆಸರಿನ ಸ್ಟಿಕ್ಕರ್ ಅಂಟಿಸಿ ಮಾರೋದಾಗಿದ್ರೆ ಇಷ್ಟು ವರ್ಷ ಬೇಕಿರಲಿಲ್ಲ.

ನಮ್ಮ ರಸ್ತೆಗೆ ಬಂದರೆ ಕೊಳ್ಳೋರ ಲೆಕ್ಕ ಬೇರೆ. ಅಟ್ಲಾಸ್ 585 ಸಿಸಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ದಾಟಿದ ಬೈಕಿಗೆ ಜಿಎಸ್‌ಟಿ ಶೇ. 40. ಅದೇ ದಿನ ಎಕ್ಸ್‌ಎಲ್ ಮೇಲಿನ ತೆರಿಗೆ ಶೇ. 28ರಿಂದ 18ಕ್ಕೆ ಇಳಿಯಿತು.