ಗುಜರಿ ತಕ್ಕಡಿಯಲ್ಲಿ ಎ.ಆರ್. 88

ಮೊನ್ನೆ ನಮ್ಮ ಮೈಸೂರಿನ ಒಂದು ಗುಜರಿ ಅಂಗಡಿ ಪಕ್ಕ ಸಿಟಿ ಬಸ್ಸಿಗೆ ಕಾಯ್ತಾ ನಿಂತಿದ್ದೆ. ಒಳಗೆ ಸುತ್ತಿಗೆ ಸದ್ದು. ಇಣುಕಿದರೆ, ಎ.ಆರ್. 88 ರಿಸೀವರ್! ಮುಂಭಾಗದ ತಗಡು ಆಗಲೇ ನೆಗ್ಗಿಹೋಗಿತ್ತು.

‘ಏನಪ್ಪಾ ಇದು?’ ಅಂದೆ.

‘ಹಳೇ ರೇಡಿಯೊ ಸಾರ್. ಒಳಗೆ ತಾಮ್ರ ಚೆನ್ನಾಗಿದೆ.’

ಅಷ್ಟರಲ್ಲಿ ಬಸ್ ಬಂತು, ನಾನೂ ಹತ್ತಿಬಿಟ್ಟೆ. ಸಂಜೆ ಹೋಗಿ ನೋಡಿದರೆ ವಾಲ್ವ್‌ಗಳ ಗಾಜಿನ ಚೂರು ಚರಂಡಿಯಲ್ಲಿತ್ತು. ತಪ್ಪು ಅವನದೊಂದೇ ಅಲ್ಲ, ನನ್ನದೂ ಹೌದು.

ಇದು ಮನೆಯಲ್ಲಿ ಹಾಡು ಕೇಳುವ ರೇಡಿಯೊ ಅಲ್ಲ ಸ್ವಾಮಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಆರ್.ಸಿ.ಎ. ಕಂಪನಿ ತಯಾರಿಸಿದ್ದು. 14 ವಾಲ್ವ್, ಸುಮಾರು 45 ಕಿಲೋ ತೂಕ. ಬ್ರಿಟನ್ನಿನ ಬ್ಲೆಚ್ಲಿ ಪಾರ್ಕಿನ ಗೂಢಲಿಪಿ ತಜ್ಞರಿಗೆ ಶತ್ರುಗಳ ಮೋರ್ಸ್ ಸಂದೇಶ ಹಿಡಿದು ಕಳಿಸುತ್ತಿದ್ದ ಕೇಂದ್ರಗಳಲ್ಲಿ ಇಂಥವು, 1935ರಲ್ಲಿ ಬಂದ ಎಚ್.ಆರ್.ಓ. ಸೆಟ್ಟುಗಳು, ಹಗಲೂ ರಾತ್ರಿ ಉರಿಯುತ್ತಿದ್ದವು. ಯುದ್ಧ ಮುಗಿದ ಮೇಲೆ ಮಿಲಿಟರಿ ಸರಕು ಮಾರಾಟವಾಗಿ ಹ್ಯಾಮ್ ಹವ್ಯಾಸಿಗಳ ಮೇಜು ಸೇರಿದವು.

ಸಂತೆಯ ಗದ್ದಲದಲ್ಲೂ ತನ್ನ ಗಿರಾಕಿಯ ದನಿ ಗುರುತು ಹಿಡಿಯುವ ಅಂಗಡಿಯವನ ಕಿವಿ ಇದ್ದಹಾಗೆ ಇದು. ಅಕ್ಕಪಕ್ಕದ ಸ್ಟೇಷನ್ ದೂರ ಸರಿಸಿ, ಬೇಕಾದ ಒಂದನ್ನೇ ಆರಿಸುತ್ತೆ. ಮಾಮೂಲಿ ರೇಡಿಯೊದಲ್ಲಿ ಬರೀ ಬುಸ್ ಎನ್ನುವ ಮೋರ್ಸ್, ಇದರ ಬಿ.ಎಫ್.ಓ. ಗುಂಡಿ ಹಾಕಿದರೆ ಕುಯ್ ಕುಯ್ ಅಂತ ಸ್ಪಷ್ಟ ಕೇಳುತ್ತೆ.

‘ಈಗ ಶಾರ್ಟ್‌ವೇವ್ ಯಾರ‍್ರೀ ಕೇಳ್ತಾರೆ? ಮೊಬೈಲ್ ಇದೆಯಲ್ಲ’ ಅಂತೀರಿ. ಒಪ್ಪಿದೆ. ಬಿಬಿಸಿ ಹಿಂದಿ ಕೂಡ 2020ರ ಜನವರಿಯಲ್ಲಿ ಶಾರ್ಟ್‌ವೇವ್ ನಿಲ್ಲಿಸಿತು. ಆದರೆ ಹ್ಯಾಮ್‌ಗಳು ಇನ್ನೂ ಅಲ್ಲೇ ಮಾತಾಡುತ್ತಿದ್ದಾರೆ. ಅದಿರಲಿ, ಮೊಬೈಲ್ ಬಿಚ್ಚಿದರೆ ನಮ್ಮ ಹುಡುಗರಿಗೆ ಏನು ಕಾಣುತ್ತೆ? ಇದರಲ್ಲಿ ಸುರುಳಿ ಸುರುಳಿಯಾಗಿ, ವಾಲ್ವ್ ವಾಲ್ವ್ ಆಗಿ ಕಾಣುತ್ತೆ. ಕೆಟ್ಟದ್ದು ಯಾವುದು ಅಂತ ಹುಡುಕಿ, ಕೈಯಾರೆ ರಿಪೇರಿ ಮಾಡಬಹುದು.

1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದ ಊರು ಇದು. ಆಕಾಶವಾಣಿ ಎಂಬ ಹೆಸರಿಗೆ ನಂಟಿರುವ ಊರು. ಇಲ್ಲಿ ಇಂಥ ಸೆಟ್ಟು ಕಿಲೋ ಲೆಕ್ಕದಲ್ಲಿ ಹೋಗಬೇಕೆ?

ಗುಜರಿ ಅಂಗಡಿಯವರಲ್ಲಿ ಒಂದು ವಿನಂತಿ. ನಿಮ್ಮ ವ್ಯಾಪಾರ ಕೆಡಿಸಿಕೊಳ್ಳಿ ಅನ್ನೋಲ್ಲ. ಇಂಥದ್ದು ಬಂದರೆ ಒಂದು ವಾರ ಮೂಲೆಯಲ್ಲಿಡಿ. ಹತ್ತಿರದ ಕಾಲೇಜಿನ ಭೌತಶಾಸ್ತ್ರ ಮೇಷ್ಟ್ರಿಗೋ, ಗೊತ್ತಿರುವ ಹ್ಯಾಮ್‌ಗೋ ಹೇಳಿ ಕಳಿಸಿ. ತಾಮ್ರಕ್ಕಿಂತ ಹೆಚ್ಚು ಕೊಟ್ಟು ಒಯ್ಯುವವರು ಸಿಕ್ಕಾರು. ಕಾಲೇಜಿನವರೂ ಅಷ್ಟೇ, ಒಂದು ಮೇಜು ಖಾಲಿ ಮಾಡಿ.

ಮನೆಯ ಅಟ್ಟದಲ್ಲಿ ಇಂಥದ್ದಿರುವವರು ಆಸೆಗೆ ಬಿದ್ದು ಸೀದಾ ಪ್ಲಗ್ಗಿಗೆ ಹಾಕಬೇಡಿ. ವರ್ಷಗಟ್ಟಲೆ ಕೂತ ಕೆಪಾಸಿಟರ್ ಸಿಡಿಯಬಹುದು, ಟ್ರಾನ್ಸ್‌ಫಾರ್ಮರ್ ಸುಡಬಹುದು. ಒಳಗೆ 200 ವೋಲ್ಟಿಗೂ ಮೇಲೆ ಓಡುತ್ತೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಉಳಿದಿರುತ್ತೆ. ತಿಳಿದವರ ಕೈಗೆ ಕೊಡಿ.

ಮುಂದಿನ ಸಲ ಸುತ್ತಿಗೆ ಸದ್ದು ಕೇಳಿದರೆ ಒಂದು ಬಸ್ ಬಿಟ್ಟೇನು. ನೀವೂ ಬಿಡಿ.