ಹೋರಿಯ ಪರೀಕ್ಷೆ ಎಲ್ಲಿ ನಡೆಯಬೇಕು?

ಟಿ. ನಗರದ ಹೋಟೆಲುಗಳಲ್ಲಿ ಬೆಳಗಿನ ಮೊದಲ ಡಿಕಾಕ್ಷನ್ ಇಳಿಯುವ ಹೊತ್ತಿಗೆ ಹಾಲು ಬಾಗಿಲಿಗೆ ಬಂದಿರುತ್ತದೆ. ಅದು ಯಾವ ಹಸುವಿನದೆಂದು ಯಾರೂ ಕೇಳುವುದಿಲ್ಲ. ಆ ಹಸುವಿನ ತಂದೆ ಯಾವ ಹೋರಿಯೆಂಬ ಪ್ರಶ್ನೆಯಂತೂ ಹುಟ್ಟುವುದೇ ಇಲ್ಲ. ಆದರೆ ನಮ್ಮ ವಾಚಕರಲ್ಲಿ ಅನೇಕರ ಮನೆಯ ಹಟ್ಟಿಯಲ್ಲಿ ಒಂದೆರಡು ರಾಸುಗಳು ಇಂದಿಗೂ ಇವೆ. ಇಲ್ಲಿ ದುಡಿದ ಸಂಬಳದ ಒಂದು ಪಾಲು ಅಲ್ಲಿ ಹಿಂಡಿಯಾಗಿ, ಹುಲ್ಲಾಗಿ ಕರಗುತ್ತದೆ. ಆದುದರಿಂದ ಹೋರಿಯ ಪ್ರಶ್ನೆ ನಮಗೆ ದೂರದ್ದಲ್ಲ.

ಪ್ರಕೃತ ಈ ವಿಷಯವನ್ನು ಎತ್ತಲು ಕಾರಣವುಂಟು. 2014ರಲ್ಲಿ ಆರಂಭವಾದ ರಾಷ್ಟ್ರೀಯ ಗೋಕುಲ್ ಮಿಷನ್‌ನ ಮೊತ್ತವನ್ನು ಕೇಂದ್ರ ಸರ್ಕಾರ 2025ರ ಮಾರ್ಚಿಯಲ್ಲಿ ಹೆಚ್ಚಿಸಿತು. 2021-22ರಿಂದ 2025-26ರವರೆಗಿನ ಅವಧಿಗೆ ಅದು 3,400 ಕೋಟಿ ರೂಪಾಯಿಗಳಾಯಿತು. ಅದಕ್ಕೆ ಮುಂಚೆ, 2024ರ ಅಕ್ಟೋಬರಿನಲ್ಲಿ, ದನಗಳಿಗಾಗಿ ‘ಗೌ ಚಿಪ್’, ಎಮ್ಮೆಗಳಿಗಾಗಿ ‘ಮಹಿಷ ಚಿಪ್’ ಎಂಬ ಸಾಧನಗಳನ್ನು ಪ್ರಧಾನಿಗಳು ಬಿಡುಗಡೆ ಮಾಡಿದರು. ಕರುವಿನ ವಂಶಧಾತುವನ್ನು ಓದಿ, ಅದು ಮುಂದೆ ಎಂತಹ ಹೋರಿಯಾದೀತೆಂದು ಅಂದಾಜು ಮಾಡಲು ಇವು ನೆರವಾಗುತ್ತವೆ.

ಹೋರಿಗೆ ಇಷ್ಟೊಂದು ಮಹತ್ತ್ವವೇಕೆ? ‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂದು ನಮ್ಮ ಗಾದೆ. ದನದ ಹಟ್ಟಿಯಲ್ಲಿ ಈ ಗಾದೆ ಅರ್ಧ ಸತ್ಯ. ಮಗಳ ಗುಣದಲ್ಲಿ ತಂದೆಯದೂ ಅರ್ಧ ಪಾಲು. ಹಸು ವರ್ಷಕ್ಕೆ ಹೆಚ್ಚೆಂದರೆ ಒಂದು ಕರು ಹಾಕೀತು. ಹೆಸರಘಟ್ಟದಲ್ಲಿಯೋ ಆವಡಿಯ ಬಳಿಯ ಅಲಮಾದಿಯಲ್ಲಿಯೋ ಸಾಕಿದ ಹೋರಿ ಅಥವಾ ಕೋಣದ ವೀರ್ಯ ದ್ರವ ಸಾರಜನಕದಲ್ಲಿ ಶೂನ್ಯಕ್ಕಿಂತ 196 ಡಿಗ್ರಿ ಕೆಳಗೆ ಹೆಪ್ಪುಗಟ್ಟಿ, ಸಾವಿರಾರು ಮನೆಗಳಿಗೆ ಹೋಗುತ್ತದೆ. ಹಸು ಕೆಟ್ಟದಾದರೆ ಒಂದು ಮನೆಗೆ ನಷ್ಟ. ಹೋರಿ ಕೆಟ್ಟದಾದರೆ ಒಂದು ಸೀಮೆಗೇ ನಷ್ಟ.

ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಹಬ್ಬಿದ ಆಂಗಸ್ ಎಂಬ ಕಪ್ಪು ತಳಿಯನ್ನು ನೋಡಿರಿ. ಅದು ಮಾಂಸದ ತಳಿ. ಅದರ ಉದ್ದೇಶ ನಮ್ಮದಲ್ಲ. ಆದರೆ ಅಲ್ಲಿನ ಕ್ರಮ ಗಮನಾರ್ಹ. ಹುಟ್ಟಿದಾಗಿನ ತೂಕ, ಹಾಲು ಬಿಡಿಸಿದಾಗಿನ ತೂಕ, ವರ್ಷ ತುಂಬಿದಾಗಿನ ತೂಕ ಎಲ್ಲವನ್ನೂ ಬರೆದಿಟ್ಟು, ಆ ಅಂಕೆಗಳ ಸಮೇತವೇ ಹೋರಿಯನ್ನು ಮಾರಾಟಕ್ಕೆ ತರುತ್ತಾರೆ. ಅಮೆರಿಕದ ಆಂಗಸ್ ಸಂಘ 1958ರಲ್ಲೇ ಇಂತಹ ದಾಖಲೆಯ ವ್ಯವಸ್ಥೆಯನ್ನು ಆರಂಭಿಸಿತು. ನಮ್ಮ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಲ್ಲು, ಕೊಂಬು, ಸುಳಿ ನೋಡಿ ಬೆಲೆ ಕಟ್ಟುತ್ತಾರೆ. ಅನುಭವಿಯ ಕಣ್ಣು ಸುಳ್ಳಲ್ಲ. ಆದರೆ ಅದು ಕಂಡದ್ದನ್ನು ಮುಂದಿನವನಿಗೆ ಲೆಕ್ಕವಾಗಿ ಒಪ್ಪಿಸಲಾರದು.

ಹಾಲಿನ ಹೋರಿಯ ಪರೀಕ್ಷೆ ಇನ್ನೂ ಕಠಿನ, ಏಕೆಂದರೆ ಹೋರಿ ಹಾಲು ಕೊಡುವುದಿಲ್ಲ. ಅದರ ಹೆಣ್ಣುಮಕ್ಕಳು ಹುಟ್ಟಿ, ಬೆಳೆದು, ಗಬ್ಬವಾಗಿ, ಈದು, 305 ದಿನಗಳ ಕರಾವು ಲೆಕ್ಕಕ್ಕೆ ಸಿಕ್ಕ ಮೇಲೆಯೇ ತಂದೆಯ ಯೋಗ್ಯತೆ ತಿಳಿಯುವುದು. ಇದಕ್ಕೆ ಐದಾರು ವರ್ಷಗಳಾದರೂ ಬೇಕು. ಕೇರಳದಲ್ಲಿ 1963ರಲ್ಲಿ ಮಾಟ್ಟುಪೆಟ್ಟಿಯಲ್ಲಿ ಆರಂಭವಾದ ಭಾರತ-ಸ್ವಿಸ್ ಯೋಜನೆಯ ಹಿಂದಿನಿಂದ ಇಂತಹ ಕೆಲಸ ಬೆಳೆದು ಬಂದಿದೆ. ಮೂಲತಃ ಇದು ಗುಮಾಸ್ತಿಕೆಯ ಕೆಲಸ: ಊರೂರು ತಿರುಗಿ, ಹಾಲನ್ನು ಅಳೆದು, ತಪ್ಪದೆ ಬರೆದಿಡುವುದು. ಲೆಕ್ಕದ ಪುಸ್ತಕದ ಬೆಲೆ ಬಲ್ಲ ನಮ್ಮ ಗುಮಾಸ್ತ ಬಂಧುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹೊಸ ಚಿಪ್ಪು ಈ ಕಾಯುವಿಕೆಯನ್ನು ತಗ್ಗಿಸೀತು, ನಿಜ. ಆದರೆ ಅದು ಕಣಿ ಹೇಳುವ ಯಂತ್ರವಲ್ಲ. ಈಗಾಗಲೇ ಅಳೆದು ಬರೆದಿಟ್ಟ ರಾಸುಗಳೊಡನೆ ಹೋಲಿಸಿಯೇ ಅದು ಅಂದಾಜು ಮಾಡಬೇಕು. ಲೆಕ್ಕವಿಲ್ಲದ ತಳಿಯ ವಿಷಯದಲ್ಲಿ ಅದು ಮೂಕ. ಹಳ್ಳಿಕಾರ್, ಅಮೃತಮಹಲ್, ಕಾಂಗೇಯಂ ತಳಿಗಳಿಗೆ ಇರುವ ಅಪಾಯ ಇದೇ. ಅವು ಉಳುಮೆಗೂ ಓಟಕ್ಕೂ ಹುಟ್ಟಿದ ದನಗಳು; ಕೇವಲ ಹಾಲಿನ ಅಳತೆಯಿಂದ ತೂಗಿದರೆ ಸೋಲುವುದು ಖಂಡಿತ. ಹೈದರಾಲಿ ಚಿದಂಬರದ ರಕ್ಷಣೆಗೆ ಎರಡೂವರೆ ದಿನಗಳಲ್ಲಿ ನೂರು ಮೈಲಿ ಸಾಗಿದ್ದು ಅಮೃತಮಹಲ್ ಎತ್ತುಗಳ ಬಲದಿಂದ ಎಂದು ಮೈಸೂರು ಗೆಜೆಟಿಯರ್ ಹೇಳುತ್ತದೆ. ಅಂತಹ ಹಿಂಡನ್ನು ಮಿತವ್ಯಯದ ಹೆಸರಿನಲ್ಲಿ 1860ರಲ್ಲಿ ಚದುರಿಸಿ, 1866ರಲ್ಲಿ ಮತ್ತೆ ಕಟ್ಟಬೇಕಾಯಿತು. ಆ ಪಾಠವನ್ನು ಮರೆಯಲಾಗದು.

ಇಲ್ಲಿ ಇನ್ನೊಂದು ವಾದವೂ ಉಂಟು. 2017ರ ಜನವರಿಯಲ್ಲಿ ಮೆರೀನಾ ದಂಡೆಯಲ್ಲಿ ಜನ ನೆರೆದಾಗ, ಜಲ್ಲಿಕಟ್ಟು ನಿಂತರೆ ನಾಟಿ ಹೋರಿಯೂ ಅಳಿಯುವುದೆಂಬ ಮಾತು ಕೇಳಿಬಂತು. 2023ರ ಮೇ 18ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟನ್ನೂ ನಮ್ಮ ಕರಾವಳಿಯ ಕಂಬಳವನ್ನೂ ಅನುಮತಿಸುವ ಕಾನೂನುಗಳನ್ನು ಎತ್ತಿಹಿಡಿಯಿತು. ಆಟ ಹೋರಿಯನ್ನು ಸಾಕಲು ಒಂದು ಕಾರಣವಾದೀತು. ಆದರೆ ಅದೊಂದೇ ಪರೀಕ್ಷೆಯಾಗಲಾರದು. ಮತ್ತೊಂದೆಡೆ, ತಮಿಳುನಾಡು 2019ರಲ್ಲಿ ಬೀಜದ ಹೋರಿಗಳ ನೋಂದಣಿಗೆ ಕಾನೂನು ಮಾಡಿದಾಗ, ನಾಟಿ ಹೋರಿ ಸಾಕುವ ಬಡವರು ಭಯಪಟ್ಟರು. ಭಯ ನಿರಾಧಾರವೆನ್ನಲಾರೆವು. ನೋಂದಣಿಯು ರಕ್ಷಣೆಯಾಗಬೇಕಾದರೆ ಆಯಾ ತಳಿಯನ್ನು ಆಯಾ ಕೆಲಸದಿಂದಲೇ ಅಳೆಯಬೇಕು: ಹಾಲಿನದನ್ನು ಹಾಲಿನಿಂದ, ನೊಗದ್ದನ್ನು ನೊಗದಿಂದ. ಹಣದ ಒಂದು ಪಾಲು ಹಳ್ಳಿಕಾರ್ ಸಾಕುವವನ ಹಟ್ಟಿಯಲ್ಲಿ ಲೆಕ್ಕ ಬರೆಯುವುದಕ್ಕೆ ಹೋಗಬೇಕೆಂಬುದು ನಮ್ಮ ಅಭಿಪ್ರಾಯ.

ಸರ್ಕಾರ ಮಾಡುವುದನ್ನು ಮಾಡಲಿ. ನಮ್ಮ ಕೈಲಿರುವುದೂ ಒಂದುಂಟು. ವೀರ್ಯದ ಪ್ರತಿಯೊಂದು ಕಡ್ಡಿಯ ಮೇಲೆಯೂ ಹೋರಿಯ ಸಂಖ್ಯೆ, ತಳಿ ಅಚ್ಚಾಗಿರುತ್ತವೆ. ರಾಸಿನ ಕಿವಿಯ ಓಲೆಯಲ್ಲಿ 12 ಅಂಕೆಗಳಿರುತ್ತವೆ. ಮುಂದಿನ ಸಲ ಊರಿಗೆ ಹಣ ಕಳುಹಿಸುವಾಗ, ಹಸುವಿಗೆ ಕೊಡಿಸಿದ ಕಡ್ಡಿಯ ಸಂಖ್ಯೆಯನ್ನು ಒಂದು ಪುಸ್ತಕದಲ್ಲಿ ಬರೆದಿಡುವಂತೆ ಮನೆಯವರಿಗೆ ಹೇಳಿರಿ. ಕಡಸು ಈದ ದಿನದಿಂದ ಹಾಲಿನ ಅಳತೆಯನ್ನೂ ಅದರ ಕೆಳಗೆ ಬರೆಯಲಿ. ಹೋಟೆಲಿನಲ್ಲಿ ಒಂದು ಲೋಟ ಕಾಫಿಗೂ ಚೀಟಿ ಬರೆಯುವ ನಾವು, ಮನೆಯ ಸಂಪತ್ತಿಗೆ ಲೆಕ್ಕವಿಡದಿರುವುದು ತರವಲ್ಲ.