ನಡಿಮಿ ಚೆರುವಿನ ಮೀನು ಮತ್ತು ನಮ್ಮ ಅಂಗಳದ ಕಳೆನಾಶಕ

ಮಲ್ಕಾಜ್‌ಗಿರಿಯ ಸಫಿಲ್‌ಗುಡ ಕೆರೆಗೆ ನಡಿಮಿ ಚೆರುವು ಎಂಬ ಹೆಸರೂ ಇದೆ. ಕನ್ನಡದಲ್ಲಿ ನಡುಗೆರೆ ಎನ್ನಬಹುದು. ಇಂದು ಅದಕ್ಕೆ ಬಂದು ಸೇರುವುದು ಬಹುಪಾಲು ಬಡಾವಣೆಗಳ ಚರಂಡಿ ನೀರು ಮತ್ತು ಮಳೆಯು ಅಂಗಳಗಳಿಂದ ತೊಳೆದು ತಂದದ್ದು. ಹಾಗೆ ತೊಳೆದು ತಂದದ್ದರಲ್ಲಿ ಏನೇನಿದೆ ಎಂಬುದು ಚುನಾವಣೆಯ ವಿಷಯವಾಗುವುದಿಲ್ಲ.

ಕೆರೆಯ ರಾಜಕೀಯವೇ ಇಲ್ಲವೆಂದಲ್ಲ. 2024ರ ಜುಲೈನಲ್ಲಿ ತೆಲಂಗಾಣ ಸರ್ಕಾರ ಹೈಡ್ರಾ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಒತ್ತುವರಿ ಕೆಡಹುವ ಯಂತ್ರಗಳು ದೇಶಕ್ಕೆಲ್ಲ ಸುದ್ದಿಯಾದವು. ಸಂಸ್ಥೆಯನ್ನು ತಂದ ಮುಖ್ಯಮಂತ್ರಿ ರೇವಂತ ರೆಡ್ಡಿಯವರು 2019ರಲ್ಲಿ ಇದೇ ಮಲ್ಕಾಜ್‌ಗಿರಿಯಿಂದ ಲೋಕಸಭೆಗೆ ಆರಿಸಿಬಂದವರು. ಒತ್ತುವರಿಯ ತೆರವು ಬೇಕಾದದ್ದೇ. ಆದರೆ ಕೆರೆಯ ಗಡಿಯನ್ನು ಅಳೆಯುವ ಉತ್ಸಾಹ ನೀರನ್ನು ಅಳೆಯುವಾಗ ಕಾಣುವುದಿಲ್ಲ. ಇದೇ ರಾಜ್ಯ 2016ರಿಂದ ಕೆರೆಗಳಿಗೆ ಉಚಿತವಾಗಿ ಮೀನುಮರಿಗಳನ್ನು ಬಿಡಿಸುವ ಯೋಜನೆಯನ್ನೂ ನಡೆಸಿದೆ. ಅವು ಕೊನೆಗೆ ಬಲೆಗೆ ಬೀಳುವುದಕ್ಕಾಗಿಯೇ ಎಂಬುದು ನಮಗೆ ನೋವಿನ ಮಾತು. ಅದು ಬೇರೆ ಚರ್ಚೆ. ಬಿಟ್ಟ ಜೀವ ಎಂಥ ನೀರಿನಲ್ಲಿ ಉಸಿರಾಡಬೇಕು ಎಂಬುದು ಸರ್ಕಾರ ಉತ್ತರಿಸಬೇಕಾದ ಪ್ರಶ್ನೆ.

ಕಳೆನಾಶಕ ಗಿಡಕ್ಕೆ ಮಾತ್ರ ವಿಷ ಎಂಬ ಮಾತು ಅರ್ಧಸತ್ಯ. ಗ್ಲೈಫೋಸೇಟ್ ಸಸ್ಯದಲ್ಲಿ ತಡೆಯುವ ಕ್ರಿಯೆ ಪ್ರಾಣಿದೇಹದಲ್ಲಿ ಇಲ್ಲವೆಂಬುದು ನಿಜ. ಆದರೆ ಡಬ್ಬಿಯೊಳಗೆ ಇರುವುದು ಅದೊಂದೇ ಅಲ್ಲ. ಎಲೆಯ ಮೇಣದ ಪದರವನ್ನು ದಾಟಿಸಲು ಸಾಬೂನಿನಂಥ ಪದಾರ್ಥವನ್ನು ಬೆರೆಸಿರುತ್ತಾರೆ. ಅಮೆರಿಕದ ವಿಜ್ಞಾನಿಗಳು 1979ರಲ್ಲಿಯೇ ಇದನ್ನು ಬಿಡಿಸಿ ತೋರಿಸಿದರು: 96 ಗಂಟೆಗಳಲ್ಲಿ ರೇನ್‌ಬೋ ಟ್ರೌಟ್ ಮೀನುಗಳಲ್ಲಿ ಅರ್ಧದಷ್ಟು ಸಾಯಲು ಲೀಟರಿಗೆ 140 ಮಿಲಿಗ್ರಾಂ ಶುದ್ಧ ಗ್ಲೈಫೋಸೇಟ್ ಬೇಕಾದರೆ, ಬೆರಕೆಯ ಪದಾರ್ಥ 2 ಮಿಲಿಗ್ರಾಂ ಸಾಕು. ಅದರ ಹೆಸರು ಟ್ಯಾಲೋ ಅಮೀನ್. ಟ್ಯಾಲೋ ಎಂದರೆ ದನಕುರಿಗಳ ಕೊಬ್ಬು. ಬಿಸ್ಕತ್ತಿನ ಪೊಟ್ಟಣದ ಹಸಿರು ಚುಕ್ಕೆಯನ್ನು ಹುಡುಕಿ ನೋಡುವ ನಮಗೆ ಈ ಡಬ್ಬಿಯ ಚೀಟಿಯನ್ನು ಓದುವ ಅಭ್ಯಾಸವಿಲ್ಲ.

ಭತ್ತದ ಗದ್ದೆಗೆ ಹಾಕುವ ಬ್ಯೂಟಾಕ್ಲೋರ್ ಇನ್ನೂ ಉಗ್ರ. ಲೀಟರಿಗೆ ಒಂದು ಮಿಲಿಗ್ರಾಂ ತಲುಪುವ ಮೊದಲೇ ಅದು ಹಲವು ಮೀನುಗಳಿಗೆ ಮಾರಕ. ಕಿವಿರಿನ ತೆಳುಪದರಗಳು ಬಾತು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಯಕೃತ್ತು ಕೆಡುತ್ತದೆ. ಕೆರೆಯನ್ನು ಮುಚ್ಚಿದ ಅಂತರಗಂಗೆಗೆ, ತೆಲುಗರು ಗುರ್ರಪು ಡೆಕ್ಕ ಎನ್ನುವ ಆ ಕಳೆಗೆ, ವಿಷ ಸಿಂಪಡಿಸಿದರೆ ಮತ್ತೊಂದು ಅನಾಹುತ: ಸತ್ತ ಕಳೆ ಕೊಳೆಯುತ್ತ ನೀರಿನ ಆಮ್ಲಜನಕವನ್ನು ಹೀರುತ್ತದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತವೆ; ಅವು ಸತ್ತ ಮೇಲೆ ವರದಿಯಲ್ಲಿ ಆಮ್ಲಜನಕದ ಕೊರತೆ ಎಂದಷ್ಟೇ ಬರೆದರೆ, ಕೊರತೆ ಏಕೆ ಬಂತೆಂಬುದು ಉಳಿದೇ ಹೋಗುತ್ತದೆ.

ಕಾನೂನಿನ ಕಥೆ ಹೀಗಿದೆ. ಕೇಂದ್ರ ಸರ್ಕಾರ 2020ರಲ್ಲಿ 27 ಕೀಟನಾಶಕಗಳ ನಿಷೇಧದ ಕರಡನ್ನು ಹೊರಡಿಸಿದಾಗ ಬ್ಯೂಟಾಕ್ಲೋರ್, ಅಟ್ರಜಿನ್, 2,4-ಡಿ ಮೂರೂ ಅದರಲ್ಲಿದ್ದವು. 2023ರ ಅಂತಿಮ ನಿಷೇಧದಲ್ಲಿ ಮೂರೂ ಇಲ್ಲ. ತೆಲಂಗಾಣ 2018ರಲ್ಲಿ ಗ್ಲೈಫೋಸೇಟ್ ಮಾರಾಟವನ್ನು ನಿರ್ಬಂಧಿಸಿದ್ದು ಅಕ್ರಮ ಹತ್ತಿ ಬೀಜದ ಭಯದಿಂದಲೇ ಹೊರತು ಮೀನಿನ ಮೇಲಿನ ಕನಿಕರದಿಂದಲ್ಲ. 2022ರ ಅಕ್ಟೋಬರಿನ ಕೇಂದ್ರದ ಆದೇಶ ಮನುಷ್ಯರಿಗೂ ಪ್ರಾಣಿಗಳಿಗೂ ಅಪಾಯವಿದೆಯೆಂದು ಒಪ್ಪಿ, ಕೀಟ ನಿಯಂತ್ರಣದ ಪರವಾನಗಿದಾರರ ಹೊರತು ಯಾರೂ ಗ್ಲೈಫೋಸೇಟ್ ಬಳಸಬಾರದೆಂದಿತು. ಹಾಗಿರುವಾಗ ವಸತಿ ಸಮುಚ್ಚಯದ ಮಾಲಿಯ ಕೈಗೆ ಡಬ್ಬಿ ಕೊಡುವ ಅಧಿಕಾರ ಯಾವ ಕಾರ್ಯದರ್ಶಿಗೂ ಇಲ್ಲ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ಹೇಳುವಾಗ ವ್ಯರ್ಥವಾಗಿ ಸಸ್ಯವನ್ನು ಕಡಿಯುವುದನ್ನು ಪ್ರಮಾದಚರ್ಯೆಯಲ್ಲಿಯೂ, ವಧೆಯ ಸಾಧನಗಳನ್ನು ಒದಗಿಸುವುದನ್ನು ಹಿಂಸಾದಾನದಲ್ಲಿಯೂ ಸೇರಿಸಿದ್ದಾರೆ. ಅಂಗಳ ನೋಡಲು ಚೆನ್ನಾಗಿರಲೆಂದು ಸಿಂಪಡಿಸುವ ವಿಷಕ್ಕೆ ಎರಡೂ ಸಲ್ಲುತ್ತವೆ. ನೀರನ್ನು ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಮರಳಿಸುತ್ತಿದ್ದ ಅಜ್ಜಿಯರ ಮೊಮ್ಮಕ್ಕಳಾದ ನಾವು ಊರು ಬಿಟ್ಟು ಬಂದಿರಬಹುದು. ಈಗ ನಾವು ಇರುವ ಊರಿನಲ್ಲಿಯೂ ಮಳೆನೀರು ಯಾವುದೋ ಕೆರೆಗೆ ಇಳಿಯುತ್ತದೆ.

ಕೆರೆಯ ನೀರಿನ ಪರೀಕ್ಷೆಯೆಂದು ಸಾಮಾನ್ಯವಾಗಿ ಪ್ರಕಟವಾಗುವುದು ಕರಗಿದ ಆಮ್ಲಜನಕ, ಬಿಒಡಿ, ಕೋಲಿಫಾರ್ಮ್ ಇವುಗಳ ಅಂಕಿಗಳು. ಮಳೆಗಾಲದ ಮೊದಲ ವಾರಗಳಲ್ಲಾದರೂ ಆ ಪಟ್ಟಿಗೆ ಕಳೆನಾಶಕಗಳನ್ನು ಸೇರಿಸಿರೆಂದು ಮಾಲಿನ್ಯ ನಿಯಂತ್ರಣ ಮಂಡಳಿಗೆ ಮನವಿ ಕೊಡಲು ನಮ್ಮ ಸಂಘಗಳಿಗೆ ಒಂದು ಸಭೆ ಸಾಕು. ಅದೇ ಸಭೆಯಲ್ಲಿ ನಮ್ಮ ಬಸದಿ ಮತ್ತು ಧರ್ಮಶಾಲೆಗಳ ಅಂಗಳದ ಹುಲ್ಲನ್ನು ಕುಡುಗೋಲಿನಿಂದ ಕೊಯ್ಯಿಸುವ ಕೂಲಿಗೆ ಹಣವನ್ನೂ ಮಂಜೂರು ಮಾಡಲಿ.